ಹಾಲಸ್ವಾಮಿ ಬೆಳ್ಳಗೆ ಮಾಡಿದ ಹವಳ

ಆಂಧ್ರದ ಗಡಿಯ ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಹಾಲಸ್ವಾಮಿ ಒಮ್ಮೆ ‘ಬೆಳ್ಳಗೈತಿ’ ಅಂದುಬಿಟ್ಟರೆ ಮುಗಿಯಿತು, ಆ ಹತ್ತಿಯನ್ನು ಇನ್ನೊಬ್ಬ ವ್ಯಾಪಾರಿ ಮುಟ್ಟಿ ನೋಡುವ ಅಗತ್ಯವಿರಲಿಲ್ಲ. ಅಪ್ಪನಿಂದ ಬಂದ ಕಣ್ಣು ಅದು. ರಾಶಿಯೊಳಗೆ ಕೈ ತೂರಿಸಿ ಒಂದು ಚಿಟಿಕೆ ಹತ್ತಿ ಕಿತ್ತು, ಹಿಂಜಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಎಲೆಯ ಚೂರು ಕಂಡರೆ ಮೂಗು ಮುರಿಯುತ್ತಿದ್ದ. ಹಳದಿ ಕಂಡರಂತೂ ರೈತನ ಮುಖವನ್ನೂ ನೋಡದೆ ಮುಂದಿನ ರಾಶಿಗೆ ನಡೆದುಬಿಡುತ್ತಿದ್ದ. ಅಂಗಿ ಬಿಳಿ, ಪಂಚೆ ಬಿಳಿ, ಹಣೆಯ ವಿಭೂತಿ ಬಿಳಿ, ಮನೆಯ ಗೋಡೆಗೂ ಬಿಳಿ ಸುಣ್ಣವೇ. ಲೋಕದಲ್ಲಿ ಬಿಳಿಗಿಂತ ಒಳ್ಳೆಯದು ಇನ್ನೊಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುವ ಪೈಕಿಯಲ್ಲ.

ಇಂಥ ಮನುಷ್ಯನ ಪಡಸಾಲೆಯಲ್ಲಿ ಒಂದು ಸಮುದ್ರವಿತ್ತು.

ಸಮುದ್ರವೆಂದರೆ ಒಂದು ಗಾಜಿನ ತೊಟ್ಟಿ. ಒಬ್ಬಳೇ ಮಗಳು ಚೇತನಾ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಅವಳು ಉಪ್ಪುನೀರು ಕಲಸಿ, ಮೇಲೆ ದೀಪ ಕಟ್ಟಿ, ಹವಳ ಸಾಕಿದ್ದಳು. ಹಸಿರು, ನೇರಳೆ, ಗುಲಾಬಿ ಬಣ್ಣದ ಹವಳ, ಅವುಗಳ ನಡುವೆ ಆಡಿಕೊಂಡಿರಲು ಒಂದೆರಡು ಮೀನು. ಸಮುದ್ರ ಎತ್ತ, ಆದೋನಿ ಎತ್ತ ಎಂದು ಓಣಿಯವರು ನಕ್ಕರು. ಆದರೆ ಹಾಲಸ್ವಾಮಿಯ ತಾಯಿ ಅಂಬಮ್ಮ ನಗಲಿಲ್ಲ. ಅವಳ ಬೆರಳಲ್ಲಿ ಹವಳದ ಉಂಗುರವಿತ್ತು. ಉಂಗುರದಷ್ಟು ಹವಳವೇ ಕುಜನನ್ನು ಸುಮ್ಮನಿರಿಸುವುದಾದರೆ, ತೊಟ್ಟಿ ತುಂಬ ಹವಳ ಬೆಳೆದರೆ ಕುಜನ ಗತಿಯೇನಾದೀತು ಎಂಬುದು ಅವಳ ಲೆಕ್ಕಾಚಾರ. ಹವಳ ಕಲ್ಲಲ್ಲ, ಜೀವ. ಅದಕ್ಕೂ ಬಾಯಿ, ಹೊಟ್ಟೆ ಇವೆ ಎಂಬ ಮಾತನ್ನು ಚೇತನಾ ಮನೆಯಲ್ಲಿ ದೊಡ್ಡದು ಮಾಡಲಿಲ್ಲ. ಲಿಂಗಪೂಜೆಯಾಗದೆ ನೀರು ಕುಡಿಯದ ಅಜ್ಜಿಗೆ ಆ ಹೊಟ್ಟೆಗೆ ಏನು ಹಾಕುತ್ತೇನೆಂದು ಹೇಳುವುದು ಕಷ್ಟವಿತ್ತು.

ಹಾಲಸ್ವಾಮಿಯಂತೂ ತೊಟ್ಟಿಯನ್ನು ಗೋಡೆಯ ಕ್ಯಾಲೆಂಡರ್ ನೋಡಿದಂತೆ ನೋಡುತ್ತಿದ್ದ. ಇದೆ ಎಂದು ಗೊತ್ತು, ಏನಿದೆ ಎಂದು ಗೊತ್ತಿಲ್ಲ.

ಆಮೇಲೆ ಚೇತನಾ ಮದುವೆಯಾದಳು. ಹುಡುಗ ಶಿವಕೃಷ್ಣ, ಅದೇ ಕಾಲೇಜಿನ ಲೆಕ್ಚರರ್, ಪೆದ್ದಹರಿವಾಣದವನು. ಅವರ ಮನೆಯವರು ತಲೆತಲಾಂತರದಿಂದ ಕುರಿ ಸಾಕುವವರು, ಹಬ್ಬಕ್ಕೆ ಕುರಿ ಕಡಿಯುವವರು. ಹಾಲಸ್ವಾಮಿ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಕೊನೆಯಿರುತ್ತದೆ. ಅವನು ಮಾತು ಬಿಟ್ಟ. ರಿಜಿಸ್ಟರ್ ಮದುವೆಯ ದಿನ ಮಾರುಕಟ್ಟೆಗೆ ಹೋಗಿ ಸಂಜೆಯವರೆಗೆ ಹತ್ತಿ ನೋಡಿದ. ಅವತ್ತು ಅವನ ಕಣ್ಣಿಗೆ ಒಂದು ರಾಶಿಯೂ ಬೆಳ್ಳಗೆ ಕಾಣಲಿಲ್ಲವಂತೆ. ಗಂಡ ಹೆಂಡತಿಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಚೇತನಾ ಅಪ್ಪನಿಗೆ ಕೇಳುವಂತೆ ತಾಯಿಗೆ ಹೇಳಿದಳು: “ನಮಗೊಂದು ಚೊಲೊ ಮನಿ ಸಿಗೋತನಕ ತೊಟ್ಟಿ ಇಲ್ಲೇ ಇರಲವ್ವ. ಆಮ್ಯಾಲ ಬಂದು ಒಯ್ತೀನಿ. ನೋಡ್ಕೋರಿ.”

ಅವಳು ಹೋದ ಮೇಲೆ ಹಾಲಸ್ವಾಮಿ ತೊಟ್ಟಿಯ ಮುಂದೆ ಕುಳಿತ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಮಗಳಿಗೆ ತಾನು ಮಾಡಿದ್ದು ಸರಿಯಲ್ಲವೆಂದು ಕುಳಿತವನಿಗೆ ತಿಳಿಯಿತು. ತಿಳಿದದ್ದನ್ನು ಹೇಳಬೇಕಲ್ಲ? ‘ತಪ್ಪಾತು’ ಎಂಬ ಮಾತು ಅವರ ವಂಶದಲ್ಲಿ ಯಾವ ಗಂಡಸಿನ ಬಾಯಿಂದಲೂ ಬಂದಿರಲಿಲ್ಲ. ಆದ್ದರಿಂದ ಬಾಯಿ ಮಾಡದ ಕೆಲಸವನ್ನು ತೊಟ್ಟಿಯಿಂದ ಮಾಡಿಸುವುದೆಂದು ತೀರ್ಮಾನಿಸಿದ. ಮಗಳು ಬರುವ ಹೊತ್ತಿಗೆ ಈ ಹವಳ ಒಂದನೇ ದರ್ಜೆಗೆ ಬಂದಿರಬೇಕು. ಅವಳು ನೋಡಿ, ಅಪ್ಪ ಇಷ್ಟು ಮಾಡ್ಯಾನ ಅನ್ನಬೇಕು. ಆಗ ತಾನು ಅಳಿಯನ ಕಡೆ ತಿರುಗಿ ‘ಕೈ ತೊಳ್ಕೊಳ್ರಿ, ಊಟಕ್ಕ ಏಳ್ರಿ’ ಅನ್ನಬೇಕು. ಮಗಳು, ಅಳಿಯ, ತಾನು ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ತೀರ್ಮಾನವಾದ ಮೇಲೆ ಒಂದು ಕಣ್ಣು ಮುಚ್ಚಿ ಹವಳ ನೋಡಿದ. ಮೂಗು ಮುರಿದ. ಎಲ್ಲ ಬಣ್ಣಬಣ್ಣ. ಒಂದೆರಡಕ್ಕೆ ಕಂದು ಛಾಯೆ ಬೇರೆ. ಮಳೆಗೆ ಸಿಕ್ಕ ಹತ್ತಿಯೂ ಇದಕ್ಕಿಂತ ವಾಸಿ ಎನ್ನಿಸಿತು.

ಆ ಮನೆಯಲ್ಲಿ ಫೋನಿನ ಪದ್ಧತಿ ಒಂದಿತ್ತು. ಮಗಳು ಫೋನು ಮಾಡಿದರೆ ಹೆಂಡತಿ ವೀರಬಸಮ್ಮ ಸ್ಪೀಕರ್ ಹಾಕಿ ಮಂಚದ ಮೇಲಿಡುವಳು. ಹಾಲಸ್ವಾಮಿ ಮಂಚದ ಇನ್ನೊಂದು ತುದಿಯಲ್ಲಿ ಗೋಡೆಯತ್ತ ಮುಖ ಮಾಡಿ ಕೂರುವನು.

“ನೀರು ಯಾವಾಗ ಬದ್ಲಿ ಮಾಡಬೇಕಂತ ಕೇಳು,” ಎಂದ ಗೋಡೆಗೆ.

“ಫೋನು ಇಲ್ಲೇ ಐತಲ್ರಿ, ನೀವ ಕೇಳ್ರಿ,” ಎಂದಳು ವೀರಬಸಮ್ಮ.

“ನಾನ್ಯಾಕ ಕೇಳ್ಲಿ? ನಿನ್ನ ಮಗಳು, ನೀನು ಕೇಳು.”

“ಅವ್ವಾ, ನನಗ ಕೇಳಿಸ್ತು,” ಎಂದಿತು ಫೋನು. “ತಿಂಗಳಿಗೊಂದು ಸಲ ಸಾಕಂತ ಹೇಳು.”

ವೀರಬಸಮ್ಮ ಗಂಡನ ಕಡೆ ತಿರುಗಿ, “ತಿಂಗಳಿಗೊಂದು ಸಲ ಸಾಕಂತ ನೋಡ್ರಿ,” ಎಂದಳು.

“ನನಗೂ ಕಿವಿ ಅದಾವು.”

“ಭಾಳ ತೊಳೀಬ್ಯಾಡ್ರಿ ಅಂತ ಹೇಳವ್ವ,” ಎಂದಳು ಚೇತನಾ. “ಹೊಲಸು ಹೆಚ್ಚಾದ್ರ ಕಂದು ಆಗ್ತಾವು, ಖರೆ. ಹಂಗಂತ ಅಗದೀ ಸ್ವಚ್ಛ ಮಾಡಿದ್ರೂ ಕಷ್ಟ. ನೀರಾಗ ಒಂಚೂರು ಹೊಲಸು ಇರಬೇಕು, ಅದರಾಗ ಅವುಗಳ ಊಟ ಇರ್ತೈತಿ. ನಡುವ ತೂಗಿಸ್ಕೊಂಡು ಹೋಗಬೇಕು. ಮತ್ತ ಫ್ರೀಜರ್‌ನ್ಯಾಗಿನ ಔಷಧಿ ವಾರಕ್ಕೆರಡು ಸಲ ಒಂದು ಚಿಟಿಕಿ ಮರೀಬ್ಯಾಡ.”

ಹಾಲಸ್ವಾಮಿಗೆ ಮೊದಲ ಮಾತು ಸ್ಪಷ್ಟವಾಗಿ ಕೇಳಿಸಿತು: ಹೊಲಸಿಗೆ ಕಂದು. ತಾನು ಹೇಳಿದ್ದೂ ಅದೇ. ಎರಡನೆಯ ಮಾತಿಗೆ ಅವನ ಕಣ್ಣು ಒದ್ದೆಯಾಯಿತು. ಒಂಚೂರು ಹೊಲಸು ಇರಬೇಕಂತೆ. ಆದೋನಿಯಲ್ಲಿ ಹುಟ್ಟಿದ ಯಾವ ಮನುಷ್ಯನಾದರೂ ಮಾಲಿನಲ್ಲಿ ಒಂಚೂರು ಕಸ ಇರಲಿ ಎನ್ನುತ್ತಾನೆಯೇ? ಇಲ್ಲ. ಹಾಗಾದರೆ ಮಗಳೇಕೆ ಅಂದಳು? ಅಪ್ಪನಿಗೆ ವಯಸ್ಸಾಯಿತು, ನೀರು ಹೊತ್ತು ಬೆನ್ನು ನೋಯಿಸಿಕೊಳ್ಳುವುದು ಬೇಡ ಎಂದು ಅಂದಳು.

“ಪಾಪ, ನನಗ ತ್ರಾಸ ಆಗ್ತೈತಂತ ಹಂಗ ಹೇಳ್ತಾಳ,” ಎಂದ ಫೋನು ಇಟ್ಟ ಮೇಲೆ. “ಆಕಿ ಅಷ್ಟು ನನ್ನ ಬಗ್ಗೆ ಯೋಚನಿ ಮಾಡಿದ್ರ ನಾನು ಎಷ್ಟು ಮಾಡಬೇಕು?”

ಮರುದಿನದಿಂದ ಮನೆಗೆ ಶುದ್ಧ ನೀರಿನ ಕ್ಯಾನುಗಳು ಬರತೊಡಗಿದವು. ತಿಂಗಳಿಗೊಮ್ಮೆ ಆಗಬೇಕಾದದ್ದು ವಾರಕ್ಕೊಮ್ಮೆ ಆಯಿತು, ಆಮೇಲೆ ದಿನ ಬಿಟ್ಟು ದಿನ. ಮಗಳು ಬಿಟ್ಟುಹೋದ ಉಪ್ಪಿನ ಪುಡಿಯನ್ನು ಅವಳಂತೆಯೇ ಅಳೆದು ಕಲಸುತ್ತಿದ್ದ, ಅದರಲ್ಲಿ ತಪ್ಪಿಲ್ಲ. ಮೆತ್ತನೆಯ ಬ್ರಶ್ಶಿನಿಂದ ಕಲ್ಲುಗಳ ಸಂದಿಗೊಂದಿಗಳನ್ನು ಉಜ್ಜಿದ. ಸ್ವಂತ ಹಲ್ಲನ್ನು ಅವನು ಅಷ್ಟು ಶ್ರದ್ಧೆಯಿಂದ ಉಜ್ಜಿದ್ದನ್ನು ವೀರಬಸಮ್ಮ ಕಂಡಿರಲಿಲ್ಲ.

ಇಷ್ಟರಲ್ಲಿ ಫ್ರಿಜ್ಜಿನ ಪ್ರಕರಣ ನಡೆಯಿತು. ಮೊಣಕಾಲಿಗೆ ಇಡಲು ಅಂಬಮ್ಮ ಐಸು ಹುಡುಕುತ್ತಿದ್ದಾಗ ಬೆಳ್ಳಿ ಹಾಳೆ ಸುತ್ತಿದ ಡಬ್ಬಿಯೊಂದು ಕೈಗೆ ಬಂತು. ಬಿಚ್ಚಿದಳು. ಮೂಸಿದಳು. ಆಮೇಲೆ ಓಣಿಯ ಆ ತುದಿಗೆ ಕೇಳುವಂತೆ ಸೊಸೆಯನ್ನು ಕರೆದಳು.

“ಇದೇನಿದು?”

“ಔಷಧಿರಿ ಅತ್ತಿ.”

“ಯಾವ ಔಷಧಿಗೆ ಮೀಸಿ ಇರ್ತಾವ?”

ಡಬ್ಬಿಯಲ್ಲಿದ್ದದ್ದು ಸೀಗಡಿ. ಅದು ಮೋರಿ ಸೇರಿತು. ಮನೆಯ ಪಾತ್ರೆಯೆಲ್ಲ ಅಂಗಳಕ್ಕೆ ಬಂದು ಹುಣಸೆಹಣ್ಣಿನ ತಿಕ್ಕು ತಿಂದವು. ಅಂಬಮ್ಮ ಫ್ರಿಜ್ಜನ್ನು ಒಳಗೂ ಹೊರಗೂ ತೊಳೆಸಿ, ಬಾಗಿಲ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಅಂದಿನಿಂದ ಆ ಫ್ರಿಜ್ಜು ದೀಕ್ಷೆ ಪಡೆದ ಜಂಗಮನಂತೆ ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಸುದ್ದಿ ಕೇಳಿದ ಹಾಲಸ್ವಾಮಿ ತಾನೇ ವಿಚಾರಣೆ ನಡೆಸಿ ತೀರ್ಪು ಕೊಟ್ಟ. “ಕಲ್ಲಿಗ್ಯಾಕ ಬೇಕು ಸೀಗಡಿ? ತಿಂದಿದ್ದು ಮೀನು. ತಿಂದು ನೀರು ಹೊಲಸು ಮಾಡೋದೂ ಅವ.” ಮೀನುಗಳಿಗೆ ಗಡೀಪಾರಾಯಿತು. ಹಿತ್ತಲಿನ ನೀಲಿ ಡ್ರಮ್ಮಿನಲ್ಲಿ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ, ವೀರಬಸಮ್ಮ ಕದ್ದು ಹಾಕುವ ಕಾಳುಕಡಿ ತಿಂದು ಅವು ದಪ್ಪಗಾದವು.

“ಅವ್ವಾ, ಔಷಧಿ ಹಾಕಾಕತ್ತೀರಲ್ಲ?” ಎಂದು ಮಗಳು ಕೇಳಿದಾಗಲೆಲ್ಲ ವೀರಬಸಮ್ಮ, “ಹಾಕಾಕತ್ತೀವವ್ವ,” ಎನ್ನುತ್ತಿದ್ದಳು. ಅಪ್ಪ ಮಗಳ ನಡುವೆ ಮೊದಲೇ ಬೆಂಕಿ, ಅದರ ಮೇಲೆ ಅಜ್ಜಿಯ ತುಪ್ಪ ಬೇರೆ ಏಕೆ ಎಂಬುದು ಅವಳ ಎಣಿಕೆ. ಒಳ್ಳೆಯ ಎಣಿಕೆಗಳಿಂದಲೇ ಮನೆ ಹಾಳಾಗುವುದು ಹೀಗೆ.

ಹವಳ ಬೆಳ್ಳಗಾಗತೊಡಗಿತು. ಮೊದಲು ಕಂದು ಹೋಯಿತು. ಹಸಿರು ಎಳೆಯದಾಗಿ ಮಾಯವಾಯಿತು. ನೇರಳೆ ಬೂದಿಯಾಯಿತು, ಗುಲಾಬಿ ಹಾಲಾಯಿತು. ಹಾಲಸ್ವಾಮಿಗೆ ಮೈಮೇಲೆ ಎಚ್ಚರವಿರಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ, ಆಮೇಲೆ ತೊಟ್ಟಿಯ ದರ್ಶನ.

“ಮೊದಲ ಬಣ್ಣಬಣ್ಣ ಇದ್ವಲ್ರಿ,” ಎಂದಳು ವೀರಬಸಮ್ಮ.

“ಅದು ಕಲೆ. ಬಿಟ್ತು.”

ದಲಾಲಿ ಏಕಾಂತಪ್ಪನನ್ನು ಕರೆಸಿದ. ಅವನು ಹಾಲಸ್ವಾಮಿಯ ಬಾಲ್ಯಸ್ನೇಹಿತ, ಮಾರುಕಟ್ಟೆಯಲ್ಲಿ ಎರಡನೆಯ ಕಣ್ಣು. ಬಂದವನು ಗಾಜಿನ ಹೊರಗೇ ಬೆರಳಿನಿಂದ ಹಿಂಜಿದಂತೆ ಮಾಡಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ.

“ಏನಂತಿ?”

“ಮೊದಲ್ನೇ ಸಲ ಬಿಡಿಸಿದ ಹತ್ತಿ,” ಎಂದ ಏಕಾಂತಪ್ಪ ಗಂಭೀರವಾಗಿ. “ಒಂದು ಎಲಿಚೂರಿಲ್ಲ. ನಿಮ್ಮನ್ಯಾಗ ಹವಳ ಮುತ್ತು ಆಗಾಕತ್ತೈತಿ ಹಾಲಸ್ವಾಮಿ.”

ಎದುರು ಮನೆಯ ಸುಂಕೇಶ ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದವನು. ಅಳೆಯದೆ ಯಾವುದನ್ನೂ ನಂಬದ ಮನುಷ್ಯ. ಅವನು ನೀರು ಪರೀಕ್ಷಿಸುವ ಪೆನ್ನಿನಂಥ ಯಂತ್ರವೊಂದನ್ನು ತಂದು ಕುಡಿಯುವ ನೀರಿನ ಕ್ಯಾನಿಗೆ ಅದ್ದಿದ. ಕನ್ನಡಕ ಹಣೆಗೇರಿಸಿ ಓದಿದ.

“ನಾ ಸರ್ವೀಸ್‌ಲೋ ಇಂತ ಶುದ್ಧವಾದ ನೀರು ಚೂಡಲೇದು,” ಎಂದು, ಇಷ್ಟು ಶುದ್ಧ ನೀರು ತನ್ನ ಸರ್ವೀಸಿನಲ್ಲೇ ಕಂಡಿಲ್ಲವೆಂದು ತೆಲುಗಿನಲ್ಲಿ ಸಾರಿದ.

ಅದು ಕ್ಯಾನಿನ ನೀರು, ತೊಟ್ಟಿಯದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸರ್ಕಾರದ ಮುದ್ರೆ ಬಿದ್ದಂತಾಯಿತು. ಓಣಿಯ ಹೆಂಗಸರು ಬಂದು ನೋಡಿ ಕೈಮುಗಿದರು. ಊರಲ್ಲಿ ಮಾತಾಯಿತು: ಹಾಲಸ್ವಾಮಿಯ ಕೈಗುಣಕ್ಕೆ ಹವಳವೂ ಬೆಳ್ಳಗಾಯಿತು. ಅವನು ಕನ್ನಡಿಯ ಮುಂದೆ ನಿಂತು ‘ಕೈ ತೊಳ್ಕೊಳ್ರಿ, ಊಟಕ್ಕ ಏಳ್ರಿ’ ಎಂದು ಅಭ್ಯಾಸ ಮಾಡುತ್ತಿದ್ದ. ಒಮ್ಮೆ ಗಟ್ಟಿಯಾಗಿಯೇ ಅಂದುಬಿಟ್ಟಾಗ ಅಂಬಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಕೈ ತೊಳೆದುಕೊಂಡು ಬಂದು ಕುಳಿತಿದ್ದಳು.

ಬಳ್ಳಾರಿಯಲ್ಲಿ ಮನೆ ಸಿಕ್ಕಿತು. “ಬರೋ ಆಯ್ತವಾರ ಬರ್ತೀವವ್ವ,” ಎಂದಳು ಚೇತನಾ. “ಅದಕ್ಕೂ ಮೊದಲು ಒಂದು ಫೋಟೋ ಕಳಿಸು, ಹೆಂಗದಾವು ನೋಡ್ತೀನಿ.”

ಹಾಲಸ್ವಾಮಿ ಗೋಡೆಯತ್ತ ಮುಖ ಮಾಡಿಕೊಂಡೇ ಕೈ ಬೀಸಿದ. “ಫೋಟೋ ಬ್ಯಾಡ. ಬಂದು ಕಣ್ಣಾರೆ ನೋಡ್ಲಿ ಅಂತ ಹೇಳು.”

“ಅಪ್ಪ ಅಂದ್ನೇನವ್ವ, ಬಂದು ನೋಡ್ಲಿ ಅಂತ?” ಎಂದು ಕೇಳಿದಳು ಚೇತನಾ. ಅವಳ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ ವೀರಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲಾದರೂ ಅವನು ಒಂದು ಸಲ ಫೋನು ತೆಗೆದುಕೊಂಡು ‘ಬಾರವ್ವ’ ಎನ್ನಬಹುದಿತ್ತು. ಹವಳ ಹೇಗಿದೆಯೆಂದು ಅವಳು ಕೇಳುತ್ತಿದ್ದಳು, ಬೆಳ್ಳಗಿದೆ ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ, ಇನ್ನೂ ಕಾಲ ಮಿಂಚಿರಲಿಲ್ಲ. ಅವನು ಎದ್ದು ತೊಟ್ಟಿ ಒರೆಸಲು ಹೋದ.

ಆಯ್ತವಾರ ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಮಗಳು ಮದುವೆಯಾದ ಮೇಲೆ ಮೊದಲ ಸಲ ಗಂಡನೊಂದಿಗೆ ತವರಿಗೆ ಬಂದರೆ ಹೋಳಿಗೆ ಉಣ್ಣಿಸದೆ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಲಸ್ವಾಮಿ ತೊಟ್ಟಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಹೊದಿಸಿದ್ದ. ಸಾಕ್ಷಿಗೆ ಏಕಾಂತಪ್ಪ, ಸುಂಕೇಶ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಟೆಂಪೋ ನಿಂತಿತು. ಚೇತನಾ ಬಕೆಟ್ಟುಗಳನ್ನು ಹಿಡಿದು ಇಳಿದಳು, ಹಿಂದೆ ಶಿವಕೃಷ್ಣ. ಹಾಲಸ್ವಾಮಿ ಮಗಳ ಮುಖ ನೋಡಿದ. ಮಾತಾಡಲಿಲ್ಲ. ಮಾತಾಡಬೇಕಾದದ್ದು ಪಂಚೆಯ ಕೆಳಗಿತ್ತು. ಅದರ ಅಂಚು ಹಿಡಿದು ಎಳೆದ.

ಬೆಳಕಿಗೆ ಇಡೀ ತೊಟ್ಟಿ ಝಗ್ಗೆಂದಿತು.

“ನೋಡವ್ವಾ ನಿಮ್ಮಪ್ಪನ ಕೆಲಸ,” ಎಂದ ಏಕಾಂತಪ್ಪ. “ಒಂದು ಕಲೆ ತೋರಿಸು ನೋಡೋಣ.”

“ಪರ್ಫೆಕ್ಟ್ ಅಮ್ಮಾ, ನೇನೇ ಟೆಸ್ಟ್ ಚೇಶಾನು,” ಎಂದು ಸುಂಕೇಶ ಪರೀಕ್ಷೆ ಮಾಡಿದವನು ತಾನೇ ಎಂಬಂತೆ ಎದೆ ತಟ್ಟಿಕೊಂಡ.

ಚೇತನಾ ನೆಲದ ಮೇಲೆ ಕುಳಿತಳು. ಗಾಜಿಗೆ ಹಣೆ ತಾಗಿಸಿ ಒಂದೊಂದನ್ನೇ ನೋಡಿದಳು. ಹಾಲಸ್ವಾಮಿ ಕಾಯುತ್ತಿದ್ದ. ಅವಳು ತಿರುಗಿದಾಗ ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಎಂದುಕೊಂಡು ಇವನ ಕಣ್ಣಲ್ಲೂ ನೀರು ಬಂತು.

“ಅವ್ವಾ, ಔಷಧಿ ಹಾಕಿದ್ರೇನು?”

ವೀರಬಸಮ್ಮ ಸೆರಗು ಸರಿಮಾಡಿಕೊಂಡಳು. ಉತ್ತರ ಅಂಬಮ್ಮನಿಂದ ಬಂತು. “ನಾನ ಚೆಲ್ಲಿದೆ. ಈ ಮನ್ಯಾಗ ಅಂಥಾದ್ದು ನಡೆಯಂಗಿಲ್ಲ.”

“ಅಪ್ಪಾ,” ಎಂದಳು ಚೇತನಾ. ಎಷ್ಟೋ ತಿಂಗಳ ಮೇಲೆ ಅವನನ್ನೇ ಕರೆದು ಆಡಿದ ಮೊದಲ ಮಾತು. “ಇವು ಹತ್ತಿ ಅಲ್ಲಪ್ಪ, ಜೀವ. ಮೈಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇಟ್ಕೊಂಡಿರ್ತಾವು. ಅದ ಅವಕ್ಕ ಅನ್ನ, ಅರ್ಧ ಬಣ್ಣನೂ ಅದ. ನೀರಾಗ ಏನೂ ಇಲ್ಲಂದ್ರ ಆ ಪಾಚಿ ಉಳಿಯಂಗಿಲ್ಲ. ಬಣ್ಣ ಹೋಗಿ ಮೈ ತೆಳ್ಳಗಾಗಿ ಒಳಗಿನ ಎಲುಬು ಕಾಣ್ತೈತಿ. ನೀನು ನೋಡಾಕತ್ತಿದ್ದು ಎಲುಬು. ಉಪವಾಸದಿಂದ ಬೆಳ್ಳಗಾಗ್ಯಾವಪ್ಪ.”

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಊರು ನಗುತ್ತದೆ. ಹಾಲಸ್ವಾಮಿಗೆ ಅಪ್ಪನನ್ನೂ ಮಾಡಲು ಬರಲಿಲ್ಲ. ಏಕಾಂತಪ್ಪನಿಗೆ ಒಮ್ಮೆಲೇ ಕೌತಾಳದಿಂದ ಬರುವ ಲಾರಿಯ ನೆನಪಾಗಿ ಎದ್ದ. ಸುಂಕೇಶ ಯಂತ್ರವನ್ನು ಜೇಬಿಗಿಳಿಸಿ, ಅದು ಇಲಾಖೆಯ ಯಂತ್ರವಲ್ಲ, ಖಾಸಗಿ ಎಂದು ಯಾರೂ ಕೇಳದಿದ್ದರೂ ಸ್ಪಷ್ಟಪಡಿಸಿ ಹೊರಟ.

ಶಿವಕೃಷ್ಣ ತೊಟ್ಟಿಯ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ. “ಚೇತನಾ, ಇಲ್ಲಿ ಕಲ್ಲಿನ ಸಂದ್ಯಾಗ ಒಂದಕ್ಕ ಇನ್ನೂ ಹಸಿರೈತಿ.”

ಅವಳು ನೋಡಿದಳು. ಬ್ರಶ್ಶು ಮುಟ್ಟದ ಜಾಗದಲ್ಲಿ ಉಗುರಿನಷ್ಟು ಹಸಿರು ಉಳಿದಿತ್ತು. “ಈಗಿಂದೀಗ ತಿನ್ನಿಸಿದ್ರ ಉಳಿದ್ರೂ ಉಳೀಬಹುದು.”

“ನಾನು ಸೀಗಡಿ ತರ್ತೀನಿ,” ಎಂದು ಶಿವಕೃಷ್ಣ ಎದ್ದ.

“ನೀವು ಕುಂದ್ರಿ,” ಎಂದ ಹಾಲಸ್ವಾಮಿ. ಅಳಿಯನೊಂದಿಗೆ ಅವನ ಮೊದಲ ಮಾತು. ಚಪ್ಪಲಿ ಮೆಟ್ಟಿ ತಾನೇ ಹೊರಟ.

ಮೀನು ಮಾರುಕಟ್ಟೆ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಮೂಗು ಮುಚ್ಚಿಕೊಂಡು ಸುತ್ತುಹಾಕಿ ಹೋಗುತ್ತಿದ್ದ ಬೀದಿ ಅದು. ಅಂದು ನೇರ ಒಳಗೆ ನಡೆದ. ಮೀನು ಮಾರುವ ದಸ್ತಗಿರಮ್ಮ ಅವನ ವಿಭೂತಿಯಿಂದ ಪಂಚೆಯವರೆಗೆ ನೋಡಿದಳು.

“ದಾರಿ ತಪ್ಪಿ ಬಂದ್ರೇನು ಸ್ವಾಮಿ?”

“ಸೀಗಡಿ ಬೇಕು.”

“ಎಂತ ಕಾವಾಲಿ? ಎಷ್ಟು ಬೇಕು?”

“ಒಂದು.”

“ಒಂದು ಕಿಲೋ.”

“ಒಂದು ಸೀಗಡಿ.”

ಅಕ್ಕಪಕ್ಕದ ಬುಟ್ಟಿಗಳ ವ್ಯಾಪಾರ ನಿಂತಿತು. “ಯಾರಿಗ್ರಿ?” ಎಂದಳು ದಸ್ತಗಿರಮ್ಮ.

ಹವಳ, ಪಾಚಿ, ಉಪವಾಸ ಎಂದು ವಿವರಿಸಿದರೆ ಹೊತ್ತು ಮುಳುಗುತ್ತದೆ. “ಮಗಳಿಗೆ,” ಎಂದ.

ದಸ್ತಗಿರಮ್ಮನ ಮುಖ ಅರಳಿತು. “ಮುಂಚೇ ಹೇಳಬಾರದಾ ಸ್ವಾಮಿ? ಬಸುರಿ ಹೆಣ್ಮಗಳ ಬಯಕಿಗೆ ರೊಕ್ಕ ತಗೊಂಬಾರ್ದು,” ಎಂದು ಇದ್ದುದರಲ್ಲಿ ದಪ್ಪನೆಯದನ್ನು ಆರಿಸಿ ಕಾಗದದಲ್ಲಿ ಸುತ್ತಿ ಕೊಟ್ಟಳು. ಹಾಲಸ್ವಾಮಿ ಇಲ್ಲ ಎನ್ನಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಲಾರಿಗೆ ಕಾಯುತ್ತಿದ್ದ ಏಕಾಂತಪ್ಪ ಲೋಟ ಬಾಯಿಗಿಟ್ಟವನು ಇಟ್ಟಂತೆಯೇ ಉಳಿದ. ಶುದ್ಧ ಶೈವ ಹಾಲಸ್ವಾಮಿ ಹಾಡುಹಗಲೇ ಸೀಗಡಿ ಕೊಂಡ, ಅದೂ ಬಸುರಿ ಮಗಳಿಗೆ ಎಂಬ ಸುದ್ದಿ ಅವನಿಗಿಂತ ಮೊದಲು ಅವನ ಓಣಿ ತಲುಪಿತು. ಅವನಿಗೆ ಅದು ಒಂದಿಷ್ಟೂ ನಾಟಲಿಲ್ಲ. ಬೇಗ ಬೇಗ ನಡೆಯುತ್ತಿದ್ದ.

ಬಾಗಿಲಲ್ಲಿ ಅಂಬಮ್ಮ ಅಡ್ಡ ನಿಂತಿದ್ದಳು. “ಅದನ್ನ ಹಿಡ್ಕೊಂಡು ಹೊಸ್ತಿಲು ದಾಟಬ್ಯಾಡ.”

“ಅತ್ತಾಗ ಸರಿ ಅವ್ವಾ,” ಎಂದ ಹಾಲಸ್ವಾಮಿ. ದನಿ ಸಣ್ಣಗಿತ್ತು. ಅವಳು ಮಗನ ಮುಖ ನೋಡಿದಳು, ಸರಿದಳು.

ಚೇತನಾ ಸೀಗಡಿಯನ್ನು ಸಣ್ಣಗೆ ಚೂರು ಮಾಡಿ, ನಳಿಕೆಯಿಂದ ಆ ಹಸಿರು ಹವಳದ ಬಾಯಿಯ ಹತ್ತಿರ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಚೂರು ಹವಳದ ಮೇಲೆ ಸ್ವಲ್ಪ ಹೊತ್ತು ಕುಳಿತಿತ್ತು. ಆಮೇಲೆ ಜಾರಿ ತಳಕ್ಕೆ ಹೋಯಿತು. ಇನ್ನೊಮ್ಮೆ ಬಿಟ್ಟಳು. ಅದೂ ಜಾರಿತು.

“ಯಾಕ ತಿನವಲ್ದು?” ಎಂದ ಹಾಲಸ್ವಾಮಿ.

“ಭಾಳ ದಿನ ಉಪವಾಸ ಬಿದ್ದದ್ದಪ್ಪ. ಈಗ ಬಾಯಾಗಿಟ್ರೂ ತಗೊಳ್ಳೋ ಶಕ್ತಿ ಇಲ್ಲ.”

ಅವನು ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ. “ತಪ್ಪಾತವ್ವ,” ಎಂದ. “ಫೋನಿನ್ಯಾಗ ನಾನ ಮಾತಾಡಬೇಕಿತ್ತು. ಮಾತಾಡಲಿಲ್ಲ.”

ಚೇತನಾ ಗಾಜಿನಿಂದ ಕಣ್ಣು ತೆಗೆಯದೆ ಅಪ್ಪನ ಕೈ ಮೇಲೆ ಕೈಯಿಟ್ಟಳು.

ಒಳಗಿಂದ ವೀರಬ‌ಸಮ್ಮ ಎಲೆ ಹಾಕಿದ್ದೇನೆಂದು ಕರೆದಳು. ಹಾಲಸ್ವಾಮಿ ಎದ್ದು ಅಳಿಯನ ಎದುರು ನಿಂತ. ಕನ್ನಡಿಯ ಮುಂದೆ ಅಷ್ಟು ಸಲ ಆಡಿದ ಮಾತು ಕೊನೆಗೂ ಹೊರಬಂತು: “ಕೈ ತೊಳ್ಕೊಳ್ರಿ. ಊಟಕ್ಕ ಏಳ್ರಿ.”

ಶಿವಕೃಷ್ಣ ಕೈ ತೊಳೆದು ಬಂದು ಕುಳಿತ. ಹಾಲಸ್ವಾಮಿ ತಾನು ಕೂರದೆ ತಾನೇ ಬಡಿಸಿದ. ಹೋಳಿಗೆಯ ಮೇಲೆ ತುಪ್ಪ ಹರಿದು ಎಲೆ ದಾಟುವಷ್ಟು ಸುರಿದ.

“ನೀನೂ ಏಳವ್ವ,” ಎಂದು ಪಡಸಾಲೆಯತ್ತ ಕರೆದ.

“ನೀವು ಉಣ್ರಿ,” ಎಂದಿತು ಮಗಳ ದನಿ. “ನನಗ ಹಸಿವಿಲ್ಲಪ್ಪ.”

“ಇನ್ನೊಂದು?” ಎಂದ ಹಾಲಸ್ವಾಮಿ ಅಳಿಯನಿಗೆ.

ಶಿವಕೃಷ್ಣನಿಗೆ ಹೊಟ್ಟೆ ತುಂಬಿತ್ತು. ಮಾವ ಹೋಳಿಗೆ ಹಿಡಿದು ಕಾಯುತ್ತಿರುವುದನ್ನು ನೋಡಿ, “ಹಾಕ್ರಿ ಮಾವಾರ,” ಎಂದ.

ಹಾಲಸ್ವಾಮಿ ಹಾಕಿದ. ಮತ್ತೂ ಒಂದು ಹಾಕಿದ. ಪಕ್ಕದ ಎಲೆಯಲ್ಲಿ ಚೇತನಾಗೆ ಬಡಿಸಿದ್ದ ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.